2011ರ ಕ್ರಿಸ್ ಪಾಲ್ ಟ್ರೇಡ್: ತಡೆಯದೆ ಬಿಟ್ಟಿದ್ದರೆ ನ್ಯೂ ಆರ್ಲಿಯನ್ಸ್‌ಗೆ ಒಳ್ಳೆಯದಾಗುತ್ತಿತ್ತೇ?

ಮುಂಜಾನೆಯ ಪಂದ್ಯ (ಚರ್ಚೆ ಆರಂಭಿಸಿದವರು)

ಗೆಳೆಯರೇ, ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎಯ ಟ್ರೇಡ್‌ಗಳ (ತಂಡಗಳ ನಡುವಿನ ಆಟಗಾರರ ವಿನಿಮಯದ) ಬಗ್ಗೆ ನಮ್ಮಲ್ಲಿ ಮಾತು ಎಲ್ಲಿಂದ ಹೊರಟರೂ ಕೊನೆಗೆ 2011ರ ಡಿಸೆಂಬರ್ 8ಕ್ಕೇ ಬಂದು ನಿಲ್ಲುತ್ತದೆ. ಆದರೆ ಆ ದಿನದ ಬಗ್ಗೆ ನಾವು ಆಡುವುದೆಲ್ಲ ಲೀಗಿನ ಕಮಿಷನರ್ (ಮುಖ್ಯಸ್ಥ) ಆಗಿದ್ದ ಡೇವಿಡ್ ಸ್ಟರ್ನ್ ಅವರಿಗೆ ಟ್ರೇಡ್ ತಡೆಯುವ ಅಧಿಕಾರ ಇತ್ತೇ ಇಲ್ಲವೇ ಎಂಬ ಮಾತೇ ಹೊರತು, ಅವರು ತಡೆದ ಟ್ರೇಡ್ ನಿಜಕ್ಕೂ ಒಳ್ಳೆಯದೇ ಕೆಟ್ಟದ್ದೇ ಎಂದು ತಕ್ಕಡಿಗೆ ಹಾಕಿ ತೂಗಿದವರು ಕಡಿಮೆ. ಈ ಚರ್ಚೆಯಲ್ಲಿ ಅದೊಂದನ್ನೇ ಮಾಡೋಣ ಎಂದು ನನ್ನ ಕೋರಿಕೆ.

ಹೊಸಬರಿಗಾಗಿ ವಿವರ ಹೇಳಿಬಿಡುತ್ತೇನೆ. ಮೂರು ತಂಡಗಳು ಒಪ್ಪಿಕೊಂಡಿದ್ದವು. ನ್ಯೂ ಆರ್ಲಿಯನ್ಸ್ ಹಾರ್ನೆಟ್ಸ್‌ನ ಕ್ರಿಸ್ ಪಾಲ್ ಲಾಸ್ ಏಂಜಲೀಸ್ ಲೇಕರ್ಸ್‌ಗೆ, ಲೇಕರ್ಸ್‌ನ ಪೌ ಗಸೋಲ್ ಹೂಸ್ಟನ್ ರಾಕೆಟ್ಸ್‌ಗೆ ಹೋಗಬೇಕಿತ್ತು. ಹಾರ್ನೆಟ್ಸ್‌ಗೆ ಲೇಕರ್ಸ್‌ನಿಂದ ಲಮಾರ್ ಓಡಮ್ ಬರಬೇಕಿತ್ತು; ಹೂಸ್ಟನ್‌ನಿಂದ ಲೂಯಿಸ್ ಸ್ಕೋಲಾ, ಕೆವಿನ್ ಮಾರ್ಟಿನ್, ಗೊರಾನ್ ಡ್ರಾಗಿಚ್ ಮತ್ತು ಹೂಸ್ಟನ್ ಕೈಯಲ್ಲಿದ್ದ ನ್ಯೂಯಾರ್ಕ್ ನಿಕ್ಸ್‌ನ 2012ರ ಮೊದಲ ಸುತ್ತಿನ ಡ್ರಾಫ್ಟ್ ಪಿಕ್ (ಹೊಸ ಆಟಗಾರನನ್ನು ಆರಿಸಿಕೊಳ್ಳುವ ಸರದಿ) ಬರಬೇಕಿತ್ತು. ಆಗ ಹಾರ್ನೆಟ್ಸ್‌ಗೆ ಮಾಲೀಕರೇ ಇರಲಿಲ್ಲ. 2010ರ ಡಿಸೆಂಬರ್‌ನಲ್ಲಿ ಜಾರ್ಜ್ ಶಿನ್ ಅವರಿಂದ ಲೀಗೇ ತಂಡವನ್ನು ಕೊಂಡುಕೊಂಡಿತ್ತು. ಹಾಗಾಗಿ ಕಮಿಷನರ್ ಆಗಿದ್ದ ಸ್ಟರ್ನ್ ಅವರೇ ಮಾಲೀಕನ ಕುರ್ಚಿಯಲ್ಲೂ ಕೂತಿದ್ದರು, ಮತ್ತು ಜನರಲ್ ಮ್ಯಾನೇಜರ್ ಡೆಲ್ ಡೆಂಪ್ಸ್ ಕುದುರಿಸಿದ ಮಾತನ್ನು ಕೆಲವೇ ಗಂಟೆಗಳಲ್ಲಿ ‘ಬ್ಯಾಸ್ಕೆಟ್‌ಬಾಲ್ ಕಾರಣಗಳಿಗಾಗಿ’ ಎಂದು ತಳ್ಳಿಹಾಕಲಾಯಿತು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳುತ್ತೇನೆ. ಅಂದು ಗೊತ್ತಿದ್ದ ಸಂಗತಿಗಳನ್ನಷ್ಟೇ ಮುಂದಿಟ್ಟುಕೊಂಡು ನೋಡಿದರೆ ಆ ಟ್ರೇಡ್ ನ್ಯೂ ಆರ್ಲಿಯನ್ಸ್‌ಗೆ ಒಳ್ಳೆಯದೇ ಆಗಿತ್ತು. ಪಾಲ್ 2012ರ ಬೇಸಿಗೆಯಲ್ಲಿ ಒಪ್ಪಂದದಿಂದ ಹೊರಬಂದು ಫ್ರೀ ಏಜೆಂಟ್ (ಇಷ್ಟಬಂದ ತಂಡ ಸೇರಬಲ್ಲ ಆಟಗಾರ) ಆಗಬಹುದಿತ್ತು, ಮತ್ತು ಅವರು ಅಲ್ಲಿ ಉಳಿಯುವುದಿಲ್ಲ ಎಂಬುದು ಗುಟ್ಟಾಗಿರಲಿಲ್ಲ. ಆರು ತಿಂಗಳ ನಂತರ ಬರಿಗೈಯಲ್ಲಿ ಕಳೆದುಕೊಳ್ಳಬಹುದಾದ ಆಟಗಾರನ ಬದಲಿಗೆ ಹಿಂದಿನ ಋತುವಿನಲ್ಲಿ ಪಂದ್ಯಕ್ಕೆ 23.5 ಅಂಕ ಗಳಿಸಿದ್ದ ಮಾರ್ಟಿನ್, 18.3 ಅಂಕ ಗಳಿಸಿದ್ದ ಸ್ಕೋಲಾ, ಆ ವರ್ಷದ ಅತ್ಯುತ್ತಮ ಸಿಕ್ಸ್ತ್ ಮ್ಯಾನ್ (ಬೆಂಚಿನಿಂದ ಬಂದು ಆಡುವವರ) ಪ್ರಶಸ್ತಿ ಪಡೆದಿದ್ದ ಓಡಮ್, ಇನ್ನೂ ಬೆಳೆಯುತ್ತಿದ್ದ ಒಬ್ಬ ಪಾಯಿಂಟ್ ಗಾರ್ಡ್ (ಆಟ ನಡೆಸುವ ಆಟಗಾರ) ಡ್ರಾಗಿಚ್, ಜೊತೆಗೆ ಒಂದು ಪಿಕ್. ನಕ್ಷತ್ರ ಆಟಗಾರ ಹೊರಡುತ್ತೇನೆಂದು ಹೇಳಿದ ಮೇಲೆ ಇಷ್ಟನ್ನು ಪಡೆದ ತಂಡಗಳು ಎಷ್ಟಿವೆ?

ಅದೇ ವರ್ಷದ ಫೆಬ್ರುವರಿಯಲ್ಲಿ ಎರಡು ಮಾದರಿಗಳು ಎಲ್ಲರ ಕಣ್ಣಮುಂದೆ ಇದ್ದವು. ಡೆನ್ವರ್ ತಂಡವು ಕಾರ್ಮೆಲೊ ಆಂಥೊನಿಯನ್ನು ನಿಕ್ಸ್‌ಗೆ ಕೊಟ್ಟು ಗ್ಯಾಲಿನಾರಿ, ವಿಲ್ಸನ್ ಚಾಂಡ್ಲರ್, ಫೆಲ್ಟನ್, ಮೊಜ್‌ಗೊವ್ ಅವರಂಥ ಆಡಲು ಸಿದ್ಧವಿದ್ದವರನ್ನು ತಂದುಕೊಂಡಿತು. ಆಮೇಲೆ ಆಡಿದ 25 ಪಂದ್ಯಗಳಲ್ಲಿ 18ನ್ನು ಗೆದ್ದಿತು. ಯೂಟಾ ತಂಡವು ಡೆರಾನ್ ವಿಲಿಯಮ್ಸ್‌ರನ್ನು ನೆಟ್ಸ್‌ಗೆ ಕೊಟ್ಟು 2010ರ ಡ್ರಾಫ್ಟ್‌ನ ಮೂರನೆಯ ಆಯ್ಕೆ ಡೆರಿಕ್ ಫೇವರ್ಸ್, ಡೆವಿನ್ ಹ್ಯಾರಿಸ್ ಮತ್ತು ಎರಡು ಮೊದಲ ಸುತ್ತಿನ ಪಿಕ್‌ಗಳನ್ನು ಪಡೆಯಿತು. ಡೆಂಪ್ಸ್ ಡೆನ್ವರ್‌ನ ದಾರಿ ಹಿಡಿದರು, ಸ್ಟರ್ನ್‌ಗೆ ಯೂಟಾದ ದಾರಿ ಬೇಕಿತ್ತು. ಎರಡೂ ಒಪ್ಪತಕ್ಕ ದಾರಿಗಳೇ ಆಗಿದ್ದಾಗ, ಒಂದನ್ನು ಹಿಡಿದವರನ್ನು ತಡೆಯುವಷ್ಟು ಕೊರತೆ ಅದರಲ್ಲಿ ಏನಿತ್ತು ಎಂಬುದೇ ನನ್ನ ಪ್ರಶ್ನೆ.

ಲೆಕ್ಕದ ಪುಸ್ತಕ

ಪ್ರಶ್ನೆಯನ್ನು ಚೆನ್ನಾಗಿ ಇಟ್ಟಿದ್ದೀರಿ, ಆದರೆ ತೀರ್ಪನ್ನು ನಾನು ಒಪ್ಪುವುದಿಲ್ಲ. ಮೊದಲು ವಯಸ್ಸು ನೋಡಿ. ಆ ಡಿಸೆಂಬರ್‌ನಲ್ಲಿ ಓಡಮ್‌ಗೆ 32, ಸ್ಕೋಲಾಗೆ 31, ಮಾರ್ಟಿನ್‌ಗೆ 28. ಕೊಡುತ್ತಿದ್ದ ಪಾಲ್‌ಗೆ 26. ಡೆನ್ವರ್‌ಗೆ ಬಂದ ಗ್ಯಾಲಿನಾರಿಗೆ ಟ್ರೇಡ್ ಆದಾಗ 22 ವರ್ಷ. ಆದ್ದರಿಂದ ಇದನ್ನು ಡೆನ್ವರ್ ಮಾದರಿ ಎನ್ನುವುದೇ ಸರಿಯಲ್ಲ. ಡೆನ್ವರ್ ತಂದದ್ದು ಏರುವ ವಯಸ್ಸಿನವರನ್ನು. ನ್ಯೂ ಆರ್ಲಿಯನ್ಸ್ ತರಲು ಹೊರಟದ್ದು ಆಗಲೇ ಶಿಖರ ಮುಟ್ಟಿದ್ದವರನ್ನು.

ಎರಡನೆಯದು ಹಣ. 2011–12ರಲ್ಲಿ ಸ್ಯಾಲರಿ ಕ್ಯಾಪ್ (ಒಂದು ತಂಡದ ಒಟ್ಟು ಸಂಬಳದ ಮಿತಿ) ಸುಮಾರು 5.8 ಕೋಟಿ ಡಾಲರ್. ಪಾಲ್ ಒಬ್ಬರ ಸುಮಾರು 1.6 ಕೋಟಿ ಡಾಲರ್ ಸಂಬಳ ಹೋದ ಜಾಗಕ್ಕೆ ನಾಲ್ವರ ಸಂಬಳ ಬರುತ್ತಿತ್ತು, ಮತ್ತು ಸ್ಕೋಲಾ ಅವರ ಒಪ್ಪಂದ ಇನ್ನೂ ಹಲವು ವರ್ಷ ಉಳಿದಿತ್ತು. ತಂಡ ಮಾರಾಟಕ್ಕಿತ್ತು ಎಂಬುದನ್ನು ಮರೆಯಬಾರದು. ಮನೆ ಕೊಳ್ಳಲು ಬಂದವರಿಗೆ ಸಾಲದ ಕಂತು ಬಾಕಿ ಇರುವ ಪೀಠೋಪಕರಣಗಳನ್ನು ತುಂಬಿಸಿ ತೋರಿಸುವುದಕ್ಕಿಂತ ಖಾಲಿ ಮನೆಯನ್ನು ತೋರಿಸುವುದೇ ಮೇಲು. ಸ್ಟರ್ನ್ ಕಮಿಷನರ್ ಆಗಿ ಅಲ್ಲ, ಮಾಲೀಕನಾಗಿ ಯೋಚಿಸಿದೆ ಎಂದು ಹೇಳಿದ್ದು ಇದೇ ಅರ್ಥದಲ್ಲಿ ಎಂದು ನಾನು ತಿಳಿಯುತ್ತೇನೆ.

ಮೂರನೆಯದು ನನಗೆ ಎಲ್ಲಕ್ಕಿಂತ ಮುಖ್ಯ. ಸ್ಕೋಲಾ, ಮಾರ್ಟಿನ್, ಡ್ರಾಗಿಚ್ ಒಟ್ಟಿಗೆ ಆಡಿದರೆ ಏನಾಗುತ್ತದೆ ಎಂದು ಊಹಿಸಬೇಕಾಗಿಯೇ ಇಲ್ಲ. ಟ್ರೇಡ್ ಮುರಿದುಬಿದ್ದದ್ದರಿಂದ ಆ ಮೂವರೂ 2011–12ರಲ್ಲಿ ಹೂಸ್ಟನ್‌ನಲ್ಲೇ ಆಡಿದರು, ಜೊತೆಗೆ ಕೈಲ್ ಲೌರಿಯೂ ಇದ್ದರು. ಫಲಿತಾಂಶ 34 ಗೆಲುವು, 32 ಸೋಲು. ಪ್ಲೇಆಫ್ ಇಲ್ಲ, ಕಡಿಮೆ ಗೆದ್ದವರಿಗೆ ಮೊದಲ ಪಿಕ್‌ಗಳ ಹೆಚ್ಚು ಅವಕಾಶ ಕೊಡುವ ಡ್ರಾಫ್ಟ್ ಲಾಟರಿಯಲ್ಲಿ ಕಟ್ಟಕಡೆಯ ಸ್ಥಾನ. ಸಣ್ಣ ಮಾರುಕಟ್ಟೆಯ ತಂಡವೊಂದು ಸಿಕ್ಕಿಹಾಕಿಕೊಳ್ಳಬಾರದ ನಡುಮಟ್ಟವೆಂದರೆ ಇದೇ. ಮೇಲಕ್ಕೂ ಹೋಗುವಂತಿಲ್ಲ, ಒಳ್ಳೆಯ ಪಿಕ್ ಸಿಗುವಷ್ಟು ಕೆಳಕ್ಕೂ ಇಳಿಯುವುದಿಲ್ಲ.

ಹಳೆಯ ತರಬೇತುದಾರ

ಇಬ್ಬರ ಬರಹವನ್ನೂ ಓದಿದೆ. ನಾನು ಹಲವು ವರ್ಷ ಕಾಲೇಜು ಹುಡುಗರಿಗೆ ಆಟ ಕಲಿಸಿದವನು. ಹಣದ ಲೆಕ್ಕ ನನಗೆ ಅಷ್ಟಾಗಿ ಬಾರದು. ಅಂಕಣದ ಒಳಗಿನದನ್ನು ಮಾತ್ರ ಹೇಳುತ್ತೇನೆ.

ಲೇಕರ್ಸ್ ದೋಚಿಕೊಂಡು ಹೋಗುತ್ತಿದ್ದರು ಎಂಬ ಭಾವನೆ ಅಂದೂ ಇತ್ತು, ಇಂದೂ ಇದೆ. ನನಗೆ ಹಾಗನ್ನಿಸುವುದಿಲ್ಲ. ಲೇಕರ್ಸ್ 2009 ಮತ್ತು 2010ರಲ್ಲಿ ಚಾಂಪಿಯನ್ ಆದದ್ದು ಕೋಬಿ ಬ್ರಯಂಟ್ ಅವರ ಬಲದಿಂದ ಎಷ್ಟೋ ಅಷ್ಟೇ ಗಸೋಲ್, ಬೈನಮ್, ಓಡಮ್ ಈ ಮೂವರ ಎತ್ತರದಿಂದ. ಎದುರಾಳಿ ಇಬ್ಬರು ಎತ್ತರದವರನ್ನು ಹೇಗೋ ತಡೆದರೂ ಮೂರನೆಯವರು ಬೆಂಚಿನಿಂದ ಎದ್ದು ಬರುತ್ತಿದ್ದರು. ಬುಟ್ಟಿಯಿಂದ ದೂರ ನಿಂತು ಪಾಸ್ ಕೊಡಬಲ್ಲ ಗಸೋಲ್, ರಿಬೌಂಡ್ ಹಿಡಿದು ತಾನೇ ಚೆಂಡು ನಡೆಸಿಕೊಂಡು ಹೋಗಬಲ್ಲ ಓಡಮ್ ಇಬ್ಬರನ್ನೂ ಒಂದೇ ದಿನ ಬಿಟ್ಟುಕೊಟ್ಟರೆ ಉಳಿಯುವುದು ಮೊಣಕಾಲಿನ ತೊಂದರೆಯಿಂದ ಮತ್ತೆ ಮತ್ತೆ ಹೊರಗುಳಿಯುತ್ತಿದ್ದ ಬೈನಮ್ ಒಬ್ಬರೇ. ಪಾಲ್ ಅವರ ಮೊಣಕಾಲಿಗೂ 2010ರಲ್ಲಿ ಶಸ್ತ್ರಚಿಕಿತ್ಸೆ ಆಗಿತ್ತು. ಆ ಋತುವಿನಲ್ಲಿ ಅವರು ಆಡಿದ್ದು 45 ಪಂದ್ಯಗಳನ್ನಷ್ಟೇ.

ಚೆಂಡಿನ ಪ್ರಶ್ನೆಯೂ ಇದೆ. ಪಾಲ್ ಚೆಂಡನ್ನು ಕೈಯಲ್ಲಿ ಹಿಡಿದು ಆಟವನ್ನು ನಿಧಾನವಾಗಿ ಬಿಡಿಸುವ ಪಾಯಿಂಟ್ ಗಾರ್ಡ್. ಕೋಬಿಗೂ ಚೆಂಡು ಕೈಯಲ್ಲಿರಬೇಕು. ಇಬ್ಬರೂ ಬುದ್ಧಿವಂತರು, ಹೊಂದಿಕೊಳ್ಳುತ್ತಿದ್ದರು ಎಂದೇ ನನ್ನ ನಂಬಿಕೆ. ಎಡಗಡೆ ಕೋಬಿಯನ್ನು ನಿಲ್ಲಿಸಿ ಬಲಗಡೆ ಪಾಲ್ ಮತ್ತು ಬೈನಮ್ ಪಿಕ್ ಅಂಡ್ ರೋಲ್ ಆಡುವುದನ್ನು ನಾನು ಎಷ್ಟೋ ಬಾರಿ ಮನಸ್ಸಿನಲ್ಲೇ ಚಿತ್ರಿಸಿಕೊಂಡಿದ್ದೇನೆ. ಆದರೆ ಫಿಲ್ ಜಾಕ್ಸನ್ ಹೋಗಿ ಮೈಕ್ ಬ್ರೌನ್ ಬಂದ ವರ್ಷ ಅದು. ಲಾಕೌಟ್‌ನಿಂದಾಗಿ (ಮಾಲೀಕರು ಆಟಗಾರರನ್ನು ಹೊರಗಿಟ್ಟು ಆಟ ನಿಲ್ಲಿಸಿದ್ದರಿಂದ) ಋತು ಆರಂಭವಾದದ್ದೇ ಡಿಸೆಂಬರ್ 25ರಂದು, ಅಭ್ಯಾಸಕ್ಕೆ ಸಿಕ್ಕಿದ್ದು ಸುಮಾರು ಎರಡು ವಾರ ಅಷ್ಟೇ. ಆ ವರ್ಷವೇ ಲೇಕರ್ಸ್ ಗೆದ್ದುಬಿಡುತ್ತಿದ್ದರು ಎನ್ನುವ ಮಾತು ನನಗೆ ದಕ್ಕುವುದಿಲ್ಲ. ಲೇಕರ್ಸ್ ಕೂಡ ನಿಜವಾದ ಬೆಲೆಯನ್ನೇ ತೆರುತ್ತಿದ್ದರು ಎಂಬುದು ಸಾಬೀತಾದರೆ ಹಾರ್ನೆಟ್ಸ್‌ಗೆ ಮೋಸವಾಗುತ್ತಿತ್ತು ಎಂಬ ವಾದ ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಹೂಸ್ಟನ್ ನಿವಾಸಿ

ನಾನು ಹದಿನೈದು ವರ್ಷಗಳಿಂದ ಹೂಸ್ಟನ್‌ನಲ್ಲೇ ಇದ್ದೇನೆ, ಮೂರನೆಯ ತಂಡದ ಕಡೆಯಿಂದಲೂ ಒಬ್ಬರು ಮಾತಾಡಲಿ.

2011ರ ಜುಲೈನಲ್ಲಿ ಯಾವ್ ಮಿಂಗ್ ನಿವೃತ್ತರಾದರು. ಅವರಿಲ್ಲದ ತಂಡಕ್ಕೆ ನಡುವಣ ಕಂಬವೇ ಇರಲಿಲ್ಲ. ಡ್ಯಾರಿಲ್ ಮೋರಿ 31ರ ಗಸೋಲ್‌ಗಾಗಿ ಮೂವರು ಮುಖ್ಯ ಆಟಗಾರರನ್ನೂ ಒಂದು ಪಿಕ್ಕನ್ನೂ ಬಿಡಲು ಸಿದ್ಧರಾದದ್ದು ಅದಕ್ಕೇ. ಟ್ರೇಡ್ ಬಿದ್ದ ಸುದ್ದಿ ಬಂದಾಗ ನನಗೆ ನಿಜವಾಗಿಯೂ ಸಂಕಟವಾಗಿತ್ತು. ಹೋಗಬೇಕಿದ್ದ ಮೂವರೂ ಮಾರನೆಯ ದಿನ ಅದೇ ಅಭ್ಯಾಸ ಶಿಬಿರಕ್ಕೆ ಬರಬೇಕಾಯಿತು. ನಿಮ್ಮನ್ನು ಕೊಟ್ಟುಬಿಟ್ಟಿದ್ದೆವು ಎಂದು ಜಗತ್ತಿಗೆಲ್ಲ ಗೊತ್ತಾದ ಮೇಲೆ ಅದೇ ಅಂಗಿ ತೊಟ್ಟು ಆಡುವುದು ಸುಲಭವಲ್ಲ, ಆದರೂ ಅವರು ಆಡಿದರು.

ಆಮೇಲಿನದ್ದು ನಿಮಗೆ ಗೊತ್ತೇ ಇದೆ. 2012ರ ಅಕ್ಟೋಬರ್‌ನಲ್ಲಿ ಜೇಮ್ಸ್ ಹಾರ್ಡನ್ ಇಲ್ಲಿಗೆ ಬಂದರು, ಮತ್ತು ಅವರಿಗಾಗಿ ಒಕ್ಲಹೋಮಾ ಸಿಟಿಗೆ ಕೊಟ್ಟವರಲ್ಲಿ ಮೊದಲ ಹೆಸರು ಇದೇ ಕೆವಿನ್ ಮಾರ್ಟಿನ್. ಮಾರ್ಟಿನ್ ನ್ಯೂ ಆರ್ಲಿಯನ್ಸ್‌ಗೆ ಹೋಗಿದ್ದರೆ, ಗಸೋಲ್ ಅವರ ಸುಮಾರು 1.9 ಕೋಟಿ ಡಾಲರ್ ಸಂಬಳ ನಮ್ಮ ಲೆಕ್ಕಕ್ಕೆ ಸೇರಿದ್ದರೆ, ಹಾರ್ಡನ್ ಬರುವ ಬಾಗಿಲು ತೆರೆಯುತ್ತಿತ್ತೇ ಎಂಬುದು ನನಗೆ ಸಂಶಯ. ಆದರೂ ಚರ್ಚೆ ಆರಂಭಿಸಿದವರು ಹಾಕಿದ ಗೆರೆಯೊಳಗೇ ಇರುತ್ತೇನೆ. ಡಿಸೆಂಬರ್ 8ರಂದು ಹಾರ್ಡನ್ ವಿಷಯ ಯಾರಿಗೂ ಗೊತ್ತಿರಲಿಲ್ಲ, ಮತ್ತು ಅಂದಿನ ಲೆಕ್ಕದಲ್ಲಿ ಮೂವರಲ್ಲಿ ಅತಿ ಹೆಚ್ಚು ಕೊಡುತ್ತಿದ್ದವರು ನಾವೇ. ಅಂದರೆ ಅತಿ ಹೆಚ್ಚು ಪಡೆಯುತ್ತಿದ್ದವರಲ್ಲಿ ನ್ಯೂ ಆರ್ಲಿಯನ್ಸ್ ಒಂದು.

ಅಂಕಣದಂಚು

ಡ್ಯಾನ್ ಗಿಲ್ಬರ್ಟ್ ಅವರ ಪತ್ರವನ್ನು ಯಾರೂ ಎತ್ತಲಿಲ್ಲ. ಕ್ಲೀವ್‌ಲ್ಯಾಂಡ್‌ನ ಮಾಲೀಕರಾದ ಅವರು ಅಂದೇ ಸ್ಟರ್ನ್‌ಗೆ ಬರೆದ ಮಿಂಚಂಚೆಯಲ್ಲಿ, ಮೂರು ಋತುಗಳಲ್ಲಿ ಲೇಕರ್ಸ್‌ಗೆ ಸಂಬಳದಲ್ಲಿ ಸುಮಾರು 2 ಕೋಟಿ ಡಾಲರ್, ಲಕ್ಷುರಿ ಟ್ಯಾಕ್ಸ್‌ನಲ್ಲಿ (ಮಿತಿ ಮೀರಿದ ಸಂಬಳಕ್ಕೆ ಲೀಗ್ ಹಾಕುವ ತೆರಿಗೆಯಲ್ಲಿ) ಸುಮಾರು 2.1 ಕೋಟಿ ಡಾಲರ್ ಉಳಿಯುತ್ತದೆ ಎಂದು ಲೆಕ್ಕ ಹಾಕಿದ್ದರು. ಟ್ರೇಡ್‌ನ ಅತ್ಯುತ್ತಮ ಆಟಗಾರನನ್ನು ಪಡೆದ ತಂಡವೇ ಅಷ್ಟೊಂದು ಹಣವನ್ನೂ ಉಳಿಸುವುದನ್ನು ತಾವೆಂದೂ ಕಂಡಿಲ್ಲ ಎಂಬುದು ಅವರ ದೂರಾಗಿತ್ತು. ಲೇಕರ್ಸ್ ಒಂದೇ ಒಂದು ಡ್ರಾಫ್ಟ್ ಪಿಕ್ ಕೊಡುತ್ತಿಲ್ಲ ಎಂದೂ ಅವರು ಬೆರಳಿಟ್ಟು ತೋರಿಸಿದ್ದರು.

ಲೇಕರ್ಸ್ ಉಳಿಸಿದ ಹಣ ನ್ಯೂ ಆರ್ಲಿಯನ್ಸ್‌ಗೆ ಆದ ನಷ್ಟವಲ್ಲ. ಪಕ್ಕದ ಮನೆಯವರಿಗೆ ಎಷ್ಟು ಲಾಭವಾಯಿತು ಎಂಬುದರಿಂದ ನಮ್ಮ ವ್ಯಾಪಾರದ ಒಳಿತು ಕೆಡುಕನ್ನು ಅಳೆಯಲಾಗದು. ಗಿಲ್ಬರ್ಟ್ ತಮ್ಮ ತಂಡದ ಮಾಲೀಕರಾಗಿ ಬರೆದರೇ, ಹಾರ್ನೆಟ್ಸ್‌ನಲ್ಲಿ ಪಾಲಿದ್ದ ಲೀಗಿನ ಸದಸ್ಯರಾಗಿ ಬರೆದರೇ ಎಂಬ ಗೊಂದಲವೇ ಆ ಇಡೀ ಪ್ರಕರಣದ ಮೂಲ ದೋಷ. ಆದರೆ ಪಿಕ್ ವಿಷಯದಲ್ಲಿ ಅವರು ಹೇಳಿದ್ದು ಸರಿ, ಮತ್ತು ಅದಕ್ಕೆ ಡೆಂಪ್ಸ್ ಪರ ವಾದಿಸುವವರು ಉತ್ತರಿಸಬೇಕು.

ಮುಂಜಾನೆಯ ಪಂದ್ಯ

ಪಿಕ್ ವಿಷಯಕ್ಕೆ ಬರುತ್ತೇನೆ. ಅದಕ್ಕೂ ಮೊದಲು ತಡೆದ ಟ್ರೇಡ್‌ನ ಜಾಗದಲ್ಲಿ ಏನು ಬಂತು ಎಂದು ನೋಡಬೇಕು. ಡಿಸೆಂಬರ್ 14ರಂದು ಪಾಲ್ ಲಾಸ್ ಏಂಜಲೀಸ್‌ನ ಇನ್ನೊಂದು ತಂಡವಾದ ಕ್ಲಿಪ್ಪರ್ಸ್‌ಗೆ ಹೋದರು. ಹಾರ್ನೆಟ್ಸ್‌ಗೆ ಎರಿಕ್ ಗಾರ್ಡನ್, ಕ್ರಿಸ್ ಕೇಮನ್, ಅಲ್-ಫರೂಕ್ ಅಮೀನು ಮತ್ತು ಮಿನ್ನೆಸೋಟಾದ 2012ರ ಮೊದಲ ಸುತ್ತಿನ ಪಿಕ್ ಬಂದವು. ಕಾಗದದ ಮೇಲೆ ಇದು ಮೊದಲಿನದಕ್ಕಿಂತ ಉತ್ತಮ, ಒಪ್ಪುತ್ತೇನೆ. ಗಾರ್ಡನ್‌ಗೆ ಇನ್ನೂ 23 ತುಂಬಿರಲಿಲ್ಲ, ಹಿಂದಿನ ಋತುವಿನಲ್ಲಿ 22.3 ಅಂಕ ಗಳಿಸಿದ್ದರು.

ಆದರೆ ನಡೆದದ್ದು ಇಷ್ಟು. ಗಾರ್ಡನ್ ಮೊಣಕಾಲಿನ ನೋವಿನಿಂದ ಆ ವರ್ಷ ಆಡಿದ್ದು 9 ಪಂದ್ಯ. ಬೇಸಿಗೆಯಲ್ಲಿ ಫೀನಿಕ್ಸ್ ಕೊಟ್ಟ ನಾಲ್ಕು ವರ್ಷದ 5.8 ಕೋಟಿ ಡಾಲರ್ ಒಪ್ಪಂದಕ್ಕೆ ಸಹಿ ಹಾಕಿ, ತಮ್ಮ ಮನಸ್ಸು ಫೀನಿಕ್ಸ್‌ನಲ್ಲೇ ಇದೆ ಎಂದು ಬಹಿರಂಗವಾಗಿ ಹೇಳಿದರು. ಹಾರ್ನೆಟ್ಸ್ ಅಷ್ಟೇ ಹಣ ತೆತ್ತು ಅವರನ್ನು ಉಳಿಸಿಕೊಂಡಿತು. ಕೇಮನ್ ಒಂದೇ ವರ್ಷಕ್ಕೆ ಹೋದರು, ಅಮೀನು 2014ರಲ್ಲಿ ಹೋದರು. ಮಿನ್ನೆಸೋಟಾದ ಪಿಕ್ ಹತ್ತನೆಯದಾಗಿ ಆಸ್ಟಿನ್ ರಿವರ್ಸ್ ಅವರನ್ನು ತಂದಿತು. ಅವರು 2015ರ ಜನವರಿಯಲ್ಲಿ ತಂಡ ಬಿಟ್ಟರು. 2016ರಲ್ಲಿ ಗಾರ್ಡನ್ ಕೂಡ ಹೊರಟಾಗ ಕ್ರಿಸ್ ಪಾಲ್ ಬದಲಿಗೆ ಬಂದವರಲ್ಲಿ ಒಬ್ಬರೂ ಅಲ್ಲಿ ಉಳಿದಿರಲಿಲ್ಲ.

ಇದರಿಂದ ಎರಡನೆಯ ಟ್ರೇಡ್ ತಪ್ಪು ಎಂದು ನಾನು ಹೇಳುತ್ತಿಲ್ಲ, ಏಕೆಂದರೆ ಗಾಯವನ್ನು ಯಾರೂ ಮುಂಗಾಣಲಾರರು. ಆದರೆ ಅದೇ ನ್ಯಾಯ ಮೊದಲನೆಯ ಟ್ರೇಡ್‌ಗೂ ಸಲ್ಲಬೇಕು. ಸ್ಟರ್ನ್ ಪರ ವಾದಿಸುವವರು ಕೊನೆಗೆ ಆಂಥೊನಿ ಡೇವಿಸ್ ಹೆಸರು ಹೇಳುತ್ತಾರೆ. ತಂಡ 21 ಗೆದ್ದು 45 ಸೋತಿತು, ಲಾಟರಿಯಲ್ಲಿ ಮೊದಲ ಪಿಕ್ ಸಿಕ್ಕಿತು, ಡೇವಿಸ್ ಬಂದರು, ನಿಜ. ಆ ಲಾಟರಿಯಲ್ಲಿ ಹಾರ್ನೆಟ್ಸ್‌ಗೆ ಇದ್ದ ಅವಕಾಶ ಶೇ. 13.7. ಏಳು ಸಲ ಚೀಟಿ ಎತ್ತಿದರೆ ಒಮ್ಮೆ ಬರುವಂಥದ್ದು. ಅದೃಷ್ಟದಿಂದ ಬಂದದ್ದನ್ನು ತೀರ್ಮಾನದ ಜಾಣ್ಮೆ ಎಂದು ಕರೆಯಲು ನನ್ನ ಮನಸ್ಸು ಒಪ್ಪುವುದಿಲ್ಲ.

ಲೆಕ್ಕದ ಪುಸ್ತಕ

ಶೇ. 13.7 ಚಿಕ್ಕದೆನ್ನುತ್ತೀರಿ. 34 ಪಂದ್ಯ ಗೆದ್ದ ಹೂಸ್ಟನ್‌ಗೆ ಇದ್ದ ಅವಕಾಶ ನೂರಕ್ಕೆ ಒಂದೂ ಇರಲಿಲ್ಲ. ತೀರ್ಮಾನದ ಜಾಣ್ಮೆ ಎಂದರೆ ಫಲವನ್ನು ಮೊದಲೇ ಕಾಣುವುದಲ್ಲ, ಒಳ್ಳೆಯ ಫಲ ಬರಬಹುದಾದ ಕಡೆ ನಿಲ್ಲುವುದು. ಮೊದಲ ಪಿಕ್ ಕೈತಪ್ಪಿದ್ದರೂ ಮೊದಲ ಏಳರೊಳಗೆ ಒಂದು ಪಿಕ್ ಖಚಿತವಿತ್ತು, ಮತ್ತು ಅದೇ ಡ್ರಾಫ್ಟ್‌ನಲ್ಲಿ ಬ್ರಾಡ್ಲಿ ಬೀಲ್ ಮೂರನೆಯವರಾಗಿ, ಡೇಮಿಯನ್ ಲಿಲ್ಲರ್ಡ್ ಆರನೆಯವರಾಗಿ ಆಯ್ಕೆಯಾದರು. ನಿಕ್ಸ್‌ನಿಂದ ಬರಬೇಕಿದ್ದ ಪಿಕ್ ಹದಿನಾರನೆಯದಾಯಿತು. ಅದರಲ್ಲಿ ಹೂಸ್ಟನ್ ಆರಿಸಿದ ರಾಯ್ಸ್ ವೈಟ್ ಆ ತಂಡದ ಪರ ಎನ್‌ಬಿಎ ಪಂದ್ಯವನ್ನೇ ಆಡಲಿಲ್ಲ.

ತಂಡವನ್ನು 2012ರ ಏಪ್ರಿಲ್‌ನಲ್ಲಿ ಟಾಮ್ ಬೆನ್ಸನ್ 33.8 ಕೋಟಿ ಡಾಲರ್‌ಗೆ ಕೊಂಡರು. ಅವರು ಕೊಂಡ ತಂಡದಲ್ಲಿ ಮೂವತ್ತು ದಾಟಿದವರ ದೀರ್ಘ ಒಪ್ಪಂದಗಳ ಹೊರೆ ಇರಲಿಲ್ಲ. ಮುಂದಿನ ದಾರಿಯನ್ನು ಅವರೇ ಆರಿಸಿಕೊಳ್ಳಬಹುದಾದ ಸ್ಥಿತಿಯಲ್ಲಿ ತಂಡ ಅವರ ಕೈಸೇರಿತು. ಡೇವಿಸ್ ಬರದೇ ಹೋಗಿದ್ದರೂ ನಾನು ಇದನ್ನೇ ಹೇಳುತ್ತಿದ್ದೆ.

ಹಳೆಯ ತರಬೇತುದಾರ

ಒಂದು ಮಾತು ಸೇರಿಸುತ್ತೇನೆ, ಇದು ಸ್ವಲ್ಪ ನೋವಿನದು. ಓಡಮ್ ಅವರನ್ನು ನಾವೆಲ್ಲ ಕಾಗದದ ಮೇಲೆ 14.4 ಅಂಕ, ಒಂದು ಪ್ರಶಸ್ತಿ ಎಂದು ಎಣಿಸುತ್ತಿದ್ದೇವೆ. ತಮ್ಮನ್ನು ಕೊಟ್ಟುಬಿಟ್ಟಿದ್ದರು ಎಂದು ತಿಳಿದಾಗ ಅವರು ಬಹಳ ನೊಂದರು, ತಾವೇ ಬೇರೆ ಕಡೆ ಕಳಿಸಿ ಎಂದು ಕೇಳಿಕೊಂಡರು. ಡಿಸೆಂಬರ್ 11ರಂದು ಡಲ್ಲಾಸ್‌ಗೆ ಹೋದರು. ಅಲ್ಲಿ 50 ಪಂದ್ಯ ಆಡಿ ಸರಾಸರಿ 6.6 ಅಂಕ ಗಳಿಸಿ, ಏಪ್ರಿಲ್‌ನಲ್ಲಿ ತಂಡದಿಂದ ದೂರವಾದರು. ಮಾರ್ಚ್‌ವರೆಗೆ ಅವರ ಆಟ ನೋಡುತ್ತ ಇದು ಅದೇ ಮನುಷ್ಯನೇ ಎಂದು ನನಗೆ ಬೇಸರವಾಗುತ್ತಿತ್ತು.

ಲಾಸ್ ಏಂಜಲೀಸ್ ಬಿಟ್ಟು ಮಾಲೀಕರಿಲ್ಲದ ತಂಡಕ್ಕೆ ಹೋಗಿದ್ದರೆ ಅವರು ಇದಕ್ಕಿಂತ ಚೆನ್ನಾಗಿ ಆಡುತ್ತಿದ್ದರೆಂದು ಹೇಳಲು ನನಗೆ ಧೈರ್ಯವಿಲ್ಲ. ಆಟಗಾರನ ಮನಸ್ಸು ಎಲ್ಲಿದೆ ಎಂದು ವಿಚಾರಿಸದೆ ಅವನ ಬೆಲೆ ಕಟ್ಟಬಾರದು. ಈ ಒಂದು ಅಂಶದಲ್ಲಿ ಡೆಂಪ್ಸ್ ಪಡೆಯಲಿದ್ದ ಮೂಟೆ ಕಂಡಷ್ಟು ತೂಕದ್ದಾಗಿರಲಿಲ್ಲ. ಆದರೆ ಡ್ರಾಗಿಚ್ ಬಗ್ಗೆ ಯಾರೂ ಹೆಚ್ಚು ಹೇಳಲಿಲ್ಲ. ಅಂದು 25ರ ಹುಡುಗ, ಆ ಮೂಟೆಯಲ್ಲಿ ಕೊನೆಯ ಹೆಸರು. 2013–14ರಲ್ಲಿ ಫೀನಿಕ್ಸ್ ಪರ ಆಡಿ ವರ್ಷದ ಅತಿ ಹೆಚ್ಚು ಸುಧಾರಿಸಿದ ಆಟಗಾರನೆನಿಸಿಕೊಂಡು ಆಲ್-ಎನ್‌ಬಿಎ ಮೂರನೆಯ ತಂಡದಲ್ಲೂ ಸ್ಥಾನ ಪಡೆದರು. ಪಾಲ್ ಬಿಟ್ಟುಹೋಗುವ ಜಾಗದಲ್ಲೇ ಆಡುವವರು. ಪ್ರಾಯದವರು ಬೇಕು ಎಂದವರ ಕಣ್ಣಿಗೆ ಅವರು ಬೀಳಲಿಲ್ಲವಲ್ಲ ಎಂಬುದೇ ನನ್ನ ಕೊರಗು.

ಮುಂಜಾನೆಯ ಪಂದ್ಯ

ಓಡಮ್ ಕುರಿತು ತಾವು ಹೇಳಿದ್ದನ್ನು ಪೂರ್ತಿ ಒಪ್ಪುತ್ತೇನೆ. ನನ್ನ ಮೊದಲ ಬರಹದಲ್ಲಿ ಅವರನ್ನು ಬರೀ ಅಂಕಿಯಾಗಿ ಎಣಿಸಿದ್ದು ತಪ್ಪು. ಲೆಕ್ಕದ ಪುಸ್ತಕ ಅವರು ಕೊಟ್ಟ 34–32ರ ಉದಾಹರಣೆಗೂ ನನ್ನ ಬಳಿ ಪೂರ್ಣ ಉತ್ತರವಿಲ್ಲ. ಮಾರ್ಟಿನ್ ಆ ವರ್ಷ ಭುಜದ ಗಾಯದಿಂದ ಹಲವು ಪಂದ್ಯ ತಪ್ಪಿಸಿಕೊಂಡರು ಎಂದು ಹೇಳಬಹುದು, ಆದರೆ ಅದರಿಂದ ಐದಾರು ಗೆಲುವು ಹೆಚ್ಚಾಗುತ್ತಿತ್ತೇ ಹೊರತು ತಂಡದ ಮಟ್ಟ ಬದಲಾಗುತ್ತಿರಲಿಲ್ಲ.

ಆದ್ದರಿಂದ ನನ್ನ ನಿಲುವನ್ನು ಸ್ವಲ್ಪ ತಿದ್ದಿಕೊಳ್ಳುತ್ತೇನೆ. ಆ ಟ್ರೇಡ್ ಬಂದ ರೂಪದಲ್ಲಿ ನ್ಯಾಯವಾದದ್ದೇ, ಆದರೆ ಅದರಲ್ಲಿ ಒಂದು ಕೊರತೆ ಇತ್ತು, ಮತ್ತು ಅದು ತುಂಬಿಸಬಹುದಾದ ಕೊರತೆ. ಅಂಕಣದಂಚು ಅವರು ಎತ್ತಿದ್ದು ಅದನ್ನೇ: ಲೇಕರ್ಸ್‌ನ ಪಿಕ್‌ಗಳು. ಪಾಲ್, ಕೋಬಿ, ಬೈನಮ್ ಇರುವ ತಂಡದ ಪಿಕ್ ಮೊದಲ ಸುತ್ತಿನ ಕೊನೆಯಲ್ಲಿ ಬರುತ್ತದೆ, ಅದಕ್ಕೇನು ಬೆಲೆ ಎಂದು ಅಂದು ಹಲವರಿಗೆ ಅನ್ನಿಸಿರಬಹುದು. ಆದರೆ ಕೋಬಿಗೆ ಆಗಲೇ 33. ಮೂರು ನಾಲ್ಕು ವರ್ಷ ಮುಂದಿನ ಲೇಕರ್ಸ್ ಪಿಕ್ ಕೇಳುವುದೆಂದರೆ ಕೋಬಿ ಇಳಿಯುವ ಕಾಲದ ಮೇಲೆ ಪಣ ಕಟ್ಟಿದಂತೆ. ಮಾರಾಟಕ್ಕಿದ್ದ ತಂಡಕ್ಕೆ ಸಂಬಳದ ಭಾರವೇ ಇಲ್ಲದ ಅಂಥ ಆಸ್ತಿಗಿಂತ ಹೇಳಿ ಮಾಡಿಸಿದ್ದು ಬೇರೆ ಇರಲಿಲ್ಲ, ಮತ್ತು ಸ್ಟರ್ನ್ ಬಯಸಿದ ‘ಭವಿಷ್ಯ’ವೂ ಅದರಲ್ಲೇ ಇತ್ತು.

ಸ್ಟರ್ನ್ ಡಿಸೆಂಬರ್ 8ರಂದು ಬಾಗಿಲು ಮುಚ್ಚುವ ಬದಲು ಎರಡು ಪಿಕ್ ಸೇರಿಸಿ ತನ್ನಿ ಎಂದು ಡೆಂಪ್ಸ್‌ರನ್ನು ಅಂದೇ ವಾಪಸ್ ಕಳಿಸಿದ್ದರೆ ಸಾಕಿತ್ತು. ಮುಂದಿನ ಎರಡು ದಿನ ಮೂರೂ ತಂಡಗಳು ಮತ್ತೆ ಮಾತಿಗೆ ಕೂತವು ನಿಜ, ಆದರೆ ಅಷ್ಟರಲ್ಲಿ ಎಲ್ಲರ ಮನಸ್ಸೂ ಕೆಟ್ಟಿತ್ತು, ಡಿಸೆಂಬರ್ 10ರಂದು ಲೇಕರ್ಸ್ ಎದ್ದು ನಡೆದರು. ಲೇಕರ್ಸ್‌ಗೆ ಪಿಕ್ ಕೊಡಲು ಮನಸ್ಸಿರಲಿಲ್ಲ ಎಂದು ಯಾರಾದರೂ ಹೇಳುವುದಾದರೆ, ಏಳು ತಿಂಗಳ ನಂತರದ ಟ್ರೇಡ್ ಒಂದನ್ನು ನೋಡಲಿ. 2012ರ ಜುಲೈನಲ್ಲಿ, 38 ವರ್ಷದ ಸ್ಟೀವ್ ನ್ಯಾಶ್ ಅವರಿಗಾಗಿ ಲೇಕರ್ಸ್ ಫೀನಿಕ್ಸ್‌ಗೆ ಎರಡು ಮೊದಲ ಸುತ್ತಿನ ಮತ್ತು ಎರಡು ಎರಡನೆಯ ಸುತ್ತಿನ ಪಿಕ್‌ಗಳನ್ನು ಕೊಟ್ಟರು. ಅದರಲ್ಲೊಂದು ವರ್ಷದಿಂದ ವರ್ಷಕ್ಕೆ ಮುಂದೆ ಹೋಗಿ, ಕೈಯಿಂದ ಕೈಗೆ ದಾಟಿ, ಕೊನೆಗೆ 2018ರಲ್ಲಿ ಹತ್ತನೆಯ ಪಿಕ್ ಆಗಿ ಫಿಲಡೆಲ್ಫಿಯಾಕ್ಕೆ ಸಂದಿತು. ಆ ಪಿಕ್‌ನಲ್ಲಿ ಆಯ್ಕೆಯಾದವರು ಮಿಕಾಲ್ ಬ್ರಿಜಸ್.